ಅವರ ಬಲ್ಬ್ ಆರಿತು, ನಮ್ಮದು ಆರಲಿಲ್ಲ

ನಮ್ಮ ಹಾಸ್ಟೆಲ್ ಹಿಂದಿನ ಕಾಂಪೌಂಡ್ ಮೇಲಿರೋ ಫ್ಲಡ್‌ಲೈಟ್‌ಗಳ ಮೂತಿಯನ್ನ ಕೆಳಕ್ಕೆ ತಿರುಗಿಸಬೇಕು. ಆರಿಸಿ ಅಂತ ಹೇಳ್ತಿಲ್ಲ, ತಿರುಗಿಸಿ ಅಂತಿದ್ದೀವಿ. ನಮ್ಮ ವಾದ ಇಷ್ಟೇ. ಇಷ್ಟಕ್ಕೆ ಒಂದು ಲೇಖನ ಬೇಕಾ ಅಂತ ಕೇಳಬಹುದು. ಬೇಕು, ಯಾಕಂದ್ರೆ ಈ ವಿಷಯ ಎತ್ತಿದಾಗ ಕ್ಲಾಸಲ್ಲಿ ಅರ್ಧ ಜನ "ಗಿಡಕ್ಕೆ ಲೈಟ್ ಬಿದ್ರೆ ಒಳ್ಳೇದೇ ಅಲ್ವಾ, ಇನ್ನೂ ಚೆನ್ನಾಗಿ ಬೆಳೆಯುತ್ತೆ" ಅಂದ್ರು. ಬೆಳೆಯುತ್ತೆ, ನಿಜ. ಹೂ ಬಿಡಲ್ಲ.

ಕಾಂಪೌಂಡ್ ಆಚೆ ಇರೋದು ಸೇವಂತಿಗೆ ತೋಟ. ಈ ಸಲ ದೀಪಾವಳಿ ಹೊತ್ತಿಗೆ ತೋಟ ಪೂರ್ತಿ ಹಳದಿ ಆಗಿತ್ತು, ನಮ್ಮ ಗೋಡೆ ಪಕ್ಕದ ಐದಾರು ಸಾಲು ಬಿಟ್ಟು. ಆ ಸಾಲುಗಳು ಎತ್ತರಕ್ಕೆ, ದಟ್ಟ ಹಸಿರಾಗಿ ನಿಂತಿದ್ವು. ಒಂದು ಮೊಗ್ಗಿಲ್ಲ. ತೋಟದ ಅಣ್ಣ ಮೊದಲು ಗೊಬ್ಬರ ಜಾಸ್ತಿ ಆಯ್ತೇನೋ ಅಂದ್ಕೊಂಡ್ರಂತೆ, ಆಮೇಲೆ ಸಸಿ ಕೊಟ್ಟ ನರ್ಸರಿಯವರನ್ನ ಬೈದ್ರಂತೆ. ಹಬ್ಬದ ಹಿಂದಿನ ವಾರ ಮಾರ್ಕೆಟ್ಟಲ್ಲಿ ಸಿಗೋ ರೇಟು ಹಬ್ಬ ಮುಗಿದ ಮಾರನೇ ದಿನ ಸಿಗಲ್ಲ ಅನ್ನೋದು, ಅಮ್ಮನ ಜೊತೆ ಮಾರು ಲೆಕ್ಕದಲ್ಲಿ ಹೂ ತಂದಿರೋ ಎಲ್ಲರಿಗೂ ಗೊತ್ತು.

ಸೇವಂತಿಗೆ ಹೂ ಬಿಡೋದಕ್ಕೆ ಉದ್ದ ರಾತ್ರಿ ಬೇಕು. ಬೆಳಕು ಎಷ್ಟು ಹೊತ್ತು ಬಿತ್ತು ಅನ್ನೋದಕ್ಕಿಂತ ಕತ್ತಲೆ ಎಷ್ಟು ಹೊತ್ತು ಕಡಿಯದೆ ಇತ್ತು ಅನ್ನೋದನ್ನ ಈ ಗಿಡ ಲೆಕ್ಕ ಹಾಕುತ್ತೆ. (ಗಾಂಜಾ ಗಿಡವೂ ಇದೇ ಗುಂಪಿಗೆ ಸೇರಿದ್ದು. 1985ರ ಎನ್‌ಡಿಪಿಎಸ್ ಕಾಯ್ದೆ ಮತ್ತು ನಮ್ಮ ವಾರ್ಡನ್ ಇಬ್ಬರ ಮೇಲೂ ಗೌರವ ಇಟ್ಟುಕೊಂಡು ನಾವು ಸೇವಂತಿಗೆಯಲ್ಲೇ ಇರ್ತೀವಿ.) 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಬೇಸಿಗೆಯಲ್ಲಿ ಹೂ ಬಿಡದ ಒಂದು ತಂಬಾಕು ತಳಿಯ ಬಗ್ಗೆ ಬರೆದರು. ಕುಂಡಗಳನ್ನ ದಿನಾ ಸಂಜೆಗೆ ಮೊದಲೇ ಕತ್ತಲೆ ಶೆಡ್ಡಿಗೆ ತಳ್ಳಿದ್ರೆ ಅದೇ ಗಿಡ ಬೇಸಿಗೆಯಲ್ಲೂ ಹೂ ಬಿಟ್ಟಿತು. ಅವರು ಹಗಲಿನ ಉದ್ದವೇ ಕಾರಣ ಅಂದ್ಕೊಂಡಿದ್ರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಅದನ್ನ ತಲೆಕೆಳಗು ಮಾಡಿದ್ರು. ಬಟ್ಟೆಗೆ ಅಂಟೋ ಮುಳ್ಳುಕಾಯಿ ಬಿಡೋ ಒಂದು ಕಳೆ ಗಿಡ ತಗೊಂಡು, ಉದ್ದ ರಾತ್ರಿಯ ಮಧ್ಯ ಒಂದೇ ನಿಮಿಷ ದೀಪ ಹಚ್ಚಿದ್ರು. ಹೂ ನಿಂತುಹೋಯ್ತು. ಹಗಲಿನ ಮಧ್ಯ ಸ್ವಲ್ಪ ಹೊತ್ತು ಕತ್ತಲೆ ಮಾಡಿದ್ರೆ ಮಾತ್ರ ಏನೂ ಆಗಲಿಲ್ಲ.

ಸೇವಂತಿಗೆ ಬೆಳೆಯೋರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಲ್ಲಿ ಹೋದ್ರೆ ಹೊಲದ ಮೇಲೆ ಸಾಲು ಸಾಲು ಬಲ್ಬ್ ಉರಿಯೋದು ಕಾಣುತ್ತೆ. ನಾವು ಅದನ್ನ ಯಾವುದೋ ಮದುವೆ ಲೈಟಿಂಗ್ ಅಂದ್ಕೊಂಡು ನೋಡ್ತಾ ಕೂತಿರ್ತೀವಿ. ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ದಾಟಲ್ಲ, ಹಾಗಾಗಿ ಸಸಿ ಇನ್ನೂ ಗೇಣುದ್ದ ಇರೋವಾಗಲೇ ಮೊಗ್ಗು ಕಟ್ಟೋಕೆ ಶುರು ಮಾಡಬಹುದು. ಅದನ್ನ ತಡೆಯೋಕೆ ನಾಟಿ ಆದ ಮೊದಲ ಕೆಲವು ವಾರ ರಾತ್ರಿ ಬಲ್ಬ್ ಹಾಕಿ ಗಿಡ ಬೆಳೆಸ್ತಾರೆ. ಹಬ್ಬದ ದಿನ ಎಣಿಸಿ ಒಂದು ದಿನ ಬಲ್ಬ್ ಆರಿಸ್ತಾರೆ. ಅವತ್ತಿಂದ ಗಿಡಕ್ಕೆ ರಾತ್ರಿ ಶುರು, ಎಲ್ಲಾ ಒಟ್ಟಿಗೆ ಮೊಗ್ಗು. ಪಕ್ಕದ ತೋಟದಲ್ಲೂ ಹೀಗೇ ಬಲ್ಬ್ ಹಾಕಿ, ಲೆಕ್ಕದ ಪ್ರಕಾರ ಆರಿಸಿದ್ರು. ನಮ್ಮ ಫ್ಲಡ್‌ಲೈಟ್ ಅಷ್ಟರಲ್ಲಿ ಬಂದಿತ್ತು. ಅದನ್ನ ಯಾರು ಆರಿಸ್ತಾರೆ?

ಇಲ್ಲಿ ಬರೋ ಮೊದಲ ಪ್ರಶ್ನೆ ಸೇಫ್ಟಿ. ಇದನ್ನ ನಾವು ಸುಮ್ಮನೆ ತಳ್ಳಿಹಾಕಲ್ಲ. ಲೈಬ್ರರಿಯಿಂದ ರಾತ್ರಿ ಹತ್ತಕ್ಕೆ ವಾಪಸ್ ಬರೋ ಗೆಳತಿಯರು ಆ ಲೈಟ್ ಬೇಕೇ ಬೇಕು ಅಂತ ಕೇಳಿ ಹಾಕಿಸಿದ್ದು, ಅದೂ ಎರಡು ಸೆಮಿಸ್ಟರ್ ಅಲೆದು. ಆದರೆ ಒಮ್ಮೆ ಆ ಜಾಗದಲ್ಲಿ ನಿಂತು ನೋಡಿ. ಲೈಟ್ ಮುಖ ಮಾಡಿರೋದು ತೋಟದ ಕಡೆಗೆ. ನಡೆಯೋ ದಾರಿ ಇರೋದು ಅದರ ಹಿಂದೆ, ಗೋಡೆಯ ನೆರಳಲ್ಲಿ. ಅಂದ್ರೆ ಸದ್ಯ ಆ ಬೆಳಕು ಹುಡುಗೀರಿಗೂ ಇಲ್ಲ, ಗಿಡಕ್ಕೂ ಬೇಡ. ಕೆಳಕ್ಕೆ ತಿರುಗಿಸಿದ್ರೆ ದಾರಿಗೆ ಈಗಿಗಿಂತ ಜಾಸ್ತಿ ಬೆಳಕು ಬೀಳುತ್ತೆ.

ಎರಡನೇದು ನಮ್ಮವರದ್ದೇ ಐಡಿಯಾ: "ಮೋಷನ್ ಸೆನ್ಸರ್ ಹಾಕೋಣ, ಮಿನಿ ಪ್ರಾಜೆಕ್ಟೂ ಆಗುತ್ತೆ." ನಮ್ಮ ಬ್ರಾಂಚಿನವರ ಕೈಗೆ ಯಾವ ಸಮಸ್ಯೆ ಕೊಟ್ರೂ ಅದು ಸೆನ್ಸರ್ ಆಗಿ ಹೊರಗೆ ಬರುತ್ತೆ. ಇಲ್ಲಿ ಅದು ಕೆಲಸ ಮಾಡಲ್ಲ. ಸೇವಂತಿಗೆ ಬೆಳೆಯೋರು ಕರೆಂಟ್ ಉಳಿಸೋಕೆ ಬಲ್ಬನ್ನ ಬಿಟ್ಟು ಬಿಟ್ಟು ಉರಿಸೋದೂ ಉಂಟು, ಅರ್ಧ ಗಂಟೆಗೆ ಕೆಲವೇ ನಿಮಿಷ. ಹೂ ತಡೆಯೋಕೆ ಅಷ್ಟು ಸಾಕು. ನಾಯಿ ಓಡಾಡಿದಾಗಲೆಲ್ಲ ಹತ್ತಿ ಆರೋ ಲೈಟೂ ಗಿಡದ ಮಟ್ಟಿಗೆ ಅದೇ ಕೆಲಸ ಮಾಡಬಹುದು.

ಮೂರನೇದು "ಅಷ್ಟು ದೂರಕ್ಕೆ ಎಷ್ಟು ಬೆಳಕು ಹೋಗುತ್ತೆ, ಫೋನಲ್ಲಿ ಅಳೆದು ನೋಡಿದ್ವಿ, ತುಂಬಾ ಕಮ್ಮಿ." ಲಕ್ಸ್ ಅನ್ನೋದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ಅದರ ತುದಿ 555 ನ್ಯಾನೋಮೀಟರ್, ಹಸಿರು. ಗಿಡದಲ್ಲಿ ರಾತ್ರಿಯನ್ನ ಕಾಯೋದು ಫೈಟೋಕ್ರೋಮ್ ಅನ್ನೋ ಪ್ರೋಟೀನ್, ಅದು ಎಚ್ಚರಗೊಳ್ಳೋದು 660ರ ಸುತ್ತಮುತ್ತಲಿನ ಕೆಂಪು ಬೆಳಕಿಗೆ. ಆ ಜಾಗದಲ್ಲಿ ಲಕ್ಸ್ ಮಾಪನದ ಸೂಕ್ಷ್ಮತೆ ತುದಿಯ ಶೇ. 6ರಷ್ಟು ಮಾತ್ರ. ಗಿಡ ನೋಡೋದನ್ನ ಮೀಟರ್ ಹೆಚ್ಚುಕಮ್ಮಿ ನೋಡೋದೇ ಇಲ್ಲ. ಇದಕ್ಕಿಂತ ಒಳ್ಳೆ ಟೆಸ್ಟ್ ಅಂದ್ರೆ ರಾತ್ರಿ ತೋಟಕ್ಕೆ ಹೋಗಿ (ಕೇಳಿಕೊಂಡು ಹೋಗಿ), ಗಿಡದ ತುದಿಯ ಎತ್ತರಕ್ಕೆ ಕೂತು, ಕಾಲೇಜಿನ ಕಡೆ ನೋಡೋದು. ದೀಪದ ಕಣ್ಣು ನೇರವಾಗಿ ಕಾಣ್ತಾ ಇದ್ರೆ ಗಿಡಕ್ಕೂ ಕಾಣುತ್ತೆ. ನಾವು ಕೂತು ನೋಡಿದಾಗ ನಾಲ್ಕೂ ಲೈಟ್ ಕಾಣ್ತಿತ್ತು. ಸಾಲಿನ ಮೇಲೆ ನಮ್ಮ ನೆರಳೂ ಬಿದ್ದಿತ್ತು.

ಹಾಗಾದ್ರೆ ತೋಟದವರೇ ಮರೆ ಕಟ್ಟಿಕೊಳ್ಳಲಿ ಅನ್ನೋದು ಕೊನೇ ವಾದ. ಅಣ್ಣ ಕಟ್ಟಿದ್ರು ಕೂಡ, ಹಸಿರು ಶೇಡ್ ನೆಟ್ಟು. ಅದರಲ್ಲಿ ಶೇ. 50ರದ್ದು ಅರ್ಧ ಬೆಳಕನ್ನ ಒಳಗೆ ಬಿಡೋಕೆ ಅಂತಲೇ ಮಾಡಿರೋದು. ಪೂರ್ತಿ ಕತ್ತಲೆ ಬೇಕಂದ್ರೆ ದಪ್ಪ ಕಪ್ಪು ಹೊದಿಕೆ ಬೇಕು, ಹೊಲಿಗೆ ತೂತಲ್ಲೂ ಬೆಳಕು ಸೋರಬಾರದು, ಅಂಚು ಒಂದರ ಮೇಲೊಂದು ಬರಬೇಕು. ಪಾಲಿಹೌಸಿನೊಳಗೆ ಇದನ್ನೆಲ್ಲ ಮಾಡ್ತಾರೆ. ಅಲ್ಲೂ ಸಂಜೆ ಬೇಗ ಹೊದಿಸಿದ್ರೆ ಒಳಗೆ ಸೆಖೆ ಹೆಚ್ಚಿ ಅದೇ ಕಾರಣಕ್ಕೆ ಹೂ ತಡವಾಗುತ್ತೆ. ಬಯಲಲ್ಲಿ, ಗಾಳಿಗೆ, ದಿನಾ ಸಂಜೆ ಹೊದಿಸಿ ಬೆಳಗ್ಗೆ ತೆಗೆಯೋಕೆ ಕೂಲಿ ಯಾರು ಕೊಡ್ತಾರೆ? ನಮ್ಮ ಬೆಳಕಿಗೆ ಅವರು ಯಾಕೆ ಪರದೆ ಹಾಕಿಕೊಳ್ಳಬೇಕು ಅನ್ನೋದು ಇನ್ನೂ ದೊಡ್ಡ ಪ್ರಶ್ನೆ. ನಾವು ಹಾಸ್ಟೆಲಲ್ಲಿ ರೂಮ್‌ಮೇಟ್ ರಾತ್ರಿ ಎರಡಕ್ಕೆ ಟ್ಯೂಬ್‌ಲೈಟ್ ಹಾಕಿದ್ರೆ "ನೀನು ಕಣ್ಣಿಗೆ ಬಟ್ಟೆ ಕಟ್ಟಿಕೋ" ಅನ್ನೋ ಉತ್ತರ ಒಪ್ಪಲ್ಲ ತಾನೇ.

ಬೇಕಾಗಿರೋದು ಒಂದು ಏಣಿ, ಒಂದು ಸ್ಪ್ಯಾನರ್, ಲೈಟಿನ ಮೇಲೆ ಮತ್ತು ತೋಟದ ಬದಿಗೆ ಟೋಪಿ ಥರ ಬಾಗಿಸಿದ ನಾಲ್ಕು ತಗಡು. ಮೆಕ್ಯಾನಿಕಲ್ ವರ್ಕ್‌ಶಾಪಲ್ಲಿ ಶೀಟ್ ಮೆಟಲ್ ಲ್ಯಾಬ್‌ಗೆ ಹೇಗೂ ನಾವು ಪ್ರತಿ ವರ್ಷ ಯಾರಿಗೂ ಬೇಡದ ಟ್ರೇ, ಫನಲ್ ಮಾಡಿ ಮೂಲೆಗೆ ಹಾಕ್ತೀವಿ. ಅದರ ಬದಲು ಈ ನಾಲ್ಕು ಟೋಪಿ ಮಾಡಿಸಬಹುದು. ಎಸ್ಟೇಟ್ ಆಫೀಸಿಗೆ ಪತ್ರ ಕೊಟ್ಟು ಮೂರು ವಾರ ಆಯ್ತು, "ನೋಡ್ತೀವಿ" ಅಂದಿದ್ದಾರೆ. ಆ ಪತ್ರಕ್ಕೆ ಇನ್ನೂ ಸಹಿ ಹಾಕಬಹುದು, ಕ್ಲಬ್ ರೂಮಲ್ಲಿ ಇಟ್ಟಿದ್ದೀವಿ. ತೋಟದ ಅಣ್ಣ ಗೋಡೆ ಪಕ್ಕದ ಸಾಲುಗಳನ್ನ ಕಿತ್ತು ಸದ್ಯಕ್ಕೆ ಕೊತ್ತಂಬರಿ ಹಾಕಿದ್ದಾರೆ. ಮುಂದಿನ ಸೇವಂತಿಗೆ ನಾಟಿ ಜೂನಲ್ಲಂತೆ.