ಸದ್ದನ್ನು ನುಂಗುವ ಪೆಟ್ಟಿಗೆ

ಕೇರಳದ ಗಡಿಗೆ ತಾಗಿಕೊಂಡಿರುವ ಸುಳ್ಯ ತಾಲ್ಲೂಕಿನ ಮಂಡೆಕೋಲಿನಂತಹ ಊರಿನಲ್ಲಿ ಮನೆಗಳು ಪೇಟೆಯ ಮನೆಗಳಂತೆ ಒತ್ತೊತ್ತಾಗಿ ನಿಂತಿರುವುದಿಲ್ಲ. ಅಡಕೆಯ ತೋಟದ ನಡುವೆ ಒಂದೊಂದು ಮನೆಯೂ ತಾನೇ ಒಂದು ಊರು. ಆದರೂ ಇರುಳಿನಲ್ಲಿ ಸದ್ದಿಗೆ ಬೇಲಿಯೆಂಬುದಿಲ್ಲ. ಗದ್ದೆಯಲ್ಲಿ ಬಯಲಾಟದ ಚೆಂಡೆ ಮೊಳಗಿತೆಂದರೆ, ಗುಡ್ಡದಾಚೆಯ ಮನೆಯ ಮಕ್ಕಳೂ ಚಾಪೆಯಿಂದ ಎದ್ದು ಕುಳಿತುಕೊಳ್ಳುವರು.

ಅಂತಹ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಬೆಂಗಳೂರಿನಲ್ಲಿ ಓದುವ ಮೊಮ್ಮಗ ರಜೆಗೆ ಬಂದಿದ್ದಾನೆ. ಅವನೊಡನೆ ವಿದ್ಯುತ್ ಗಿಟಾರು, 50 ವ್ಯಾಟಿನ ವಾಲ್ವ್ ಆಂಪ್ಲಿಫೈಯರು ಮತ್ತು ಅದರ ಸ್ಪೀಕರು ಬಂದಿವೆ. ಒಳಕೋಣೆಯಲ್ಲಿ ಅಕ್ಕನ ಹಸುಗೂಸು ಮಲಗಿದೆ. ಇವನು ತಂತಿಯನ್ನು ಒಮ್ಮೆ ಮೀಟಿದ್ದೇ ತಡ, ಕೂಸು ಬೆಚ್ಚಿಬಿದ್ದು ಅಳತೊಡಗಿತು.

"ಸ್ವಲ್ಪ ಸಣ್ಣ ಮಾಡಬಾರದೇ ಮಗಾ?" ಎಂದರು ಅಜ್ಜ.

"ಸಣ್ಣ ಮಾಡಿದರೆ ನಾದವೇ ಬೇರೆಯಾಗುತ್ತದೆ ಅಜ್ಜ."

ಅಜ್ಜ ಪ್ರಾಯದಲ್ಲಿ ಚೆಂಡೆಯ ಕೋಲು ಹಿಡಿದವರು. ಮೆಲ್ಲನೆ ತಟ್ಟಿದ ಚೆಂಡೆ ಯುದ್ಧದ ಪ್ರಸಂಗಕ್ಕೆ ಒದಗದೆಂಬುದು ಅವರಿಗೆ ಗೊತ್ತು. ಆದುದರಿಂದ ಆ ಮಾತನ್ನು ಅವರು ಉದ್ಧಟತನವೆಂದು ಎಣಿಸಲಿಲ್ಲ.

ಮೊಮ್ಮಗನ ಮಾತಿಗೆ ಶಾಸ್ತ್ರದ ಆಧಾರವೂ ಇದೆ. ವಾಲ್ವುಗಳನ್ನು ಅವುಗಳ ಶಕ್ತಿಯ ಮಿತಿಯವರೆಗೂ ದುಡಿಸಿದಾಗ ವಿದ್ಯುತ್ ಅಲೆಯ ನೆತ್ತಿ ಚಪ್ಪಟೆಯಾಗಿ, ಮೂಲಸ್ವರದೊಡನೆ ಹೊಸ ಉಪಸ್ವರಗಳು ಹುಟ್ಟುವುವು. ಯಂತ್ರಜ್ಞನ ಲೆಕ್ಕದಲ್ಲಿ ಇದು ದೋಷ. ಗಿಟಾರ್ ವಾದಕನ ಕಿವಿಗೆ ಇದೇ ಜೀವ. ಆದರೆ ಕೂಸಿಗೆ ನಿದ್ರೆ ಬೇಕು, ನೆರೆಯವರಿಗೆ ನೆಮ್ಮದಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲುಗಳ ಮಿತಿಯನ್ನು ವಿಧಿಸಿವೆ.

ಹಾಗಾದರೆ ಸ್ಪೀಕರಿನ ತಂತಿಯನ್ನೇ ಕಿತ್ತುಬಿಟ್ಟರಾಗದೆ? ಸದ್ದು ಅಡಗುವುದು ನಿಜ. ಜೊತೆಗೆ ಆಂಪ್ಲಿಫೈಯರಿನ ಆಯುಸ್ಸೂ ಮುಗಿಯಬಹುದು. ವಾಲ್ವ್ ಯಂತ್ರ ಹೊರಹಾಕುವ ಶಕ್ತಿಯನ್ನು ಯಾರಾದರೂ ಸ್ವೀಕರಿಸಲೇಬೇಕು. ಸ್ವೀಕರಿಸುವವರಿಲ್ಲದೆ ಹೋದರೆ ಒಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಏರಿ, ಅದರ ಸುರುಳಿ ಸುಟ್ಟುಹೋಗುವ ಭಯವಿದೆ.

ಇದಕ್ಕೆ ಉಪಾಯವೇ 'ಲೋಡ್ ಬಾಕ್ಸ್'. ಅದು ಸ್ಪೀಕರಿನ ಸ್ಥಾನದಲ್ಲಿ ತಾನು ನಿಂತು, ಬಂದ ಶಕ್ತಿಯನ್ನು ಶಾಖವನ್ನಾಗಿ ಮಾರ್ಪಡಿಸುವುದು. ಶಕ್ತಿಯ ಬಹುಭಾಗವನ್ನು ತಾನು ನುಂಗಿ, ಉಳಿದುದನ್ನು ಸ್ಪೀಕರಿಗೆ ಬಿಟ್ಟರೆ ಅದಕ್ಕೆ 'ಅಟೆನ್ಯುಯೇಟರ್' ಎಂದು ಹೆಸರು. ಎರಡೂ ಕೆಲಸಗಳನ್ನು ಮಾಡುವ ಪೆಟ್ಟಿಗೆಗಳುಂಟು. ಬಾಸ್ಟನ್ ಎಂಬ ಅಮೆರಿಕದ ವಾದ್ಯವೃಂದದ ಟಾಮ್ ಷೋಲ್ಜ್ ಎಂಬವರು ಪೋಲರಾಯ್ಡ್ ಸಂಸ್ಥೆಯಲ್ಲಿ ಇಂಜಿನಿಯರಾಗಿದ್ದವರು. 1976ರ ತಮ್ಮ ಮೊದಲ ಗೀತಸಂಪುಟದ ಬಹುಭಾಗವನ್ನು ಮನೆಯ ನೆಲಮಾಳಿಗೆಯಲ್ಲಿಯೇ ಧ್ವನಿಮುದ್ರಿಸಿದ ಅವರು, ಮುಂದೆ 'ಪವರ್ ಸೋಕ್' ಎಂಬ ಇಂತಹದೇ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದರು.

ಪೆಟ್ಟಿಗೆಯಿಂದ ಹೊರಡುವ ದಾರಿಗಳು ಎರಡು. ಮೊದಲನೆಯದು ಸ್ಪೀಕರಿನ ಕಡೆಗೆ. 50 ವ್ಯಾಟಿನಲ್ಲಿ ನಲವತ್ತೊಂಬತ್ತೂವರೆಯನ್ನು ಪೆಟ್ಟಿಗೆ ನುಂಗಿ ಅರ್ಧ ವ್ಯಾಟನ್ನು ಮಾತ್ರ ಬಿಟ್ಟಿತೆನ್ನೋಣ. ಸದ್ದು ನೂರರಲ್ಲೊಂದು ಪಾಲಾಯಿತೆಂದು ಹಿಗ್ಗುವಂತಿಲ್ಲ! ಇಳಿದದ್ದು 20 ಡೆಸಿಬೆಲ್ ಮಾತ್ರ. ಕಿವಿಗೆ ಅದು ಸುಮಾರು ಕಾಲುಭಾಗವಾಗಿ ತೋರುವುದು. ಒಳ್ಳೆಯ ಗಿಟಾರ್ ಸ್ಪೀಕರು ಅರ್ಧ ವ್ಯಾಟಿನಲ್ಲಿಯೂ ಒಂದು ಮೀಟರ್ ದೂರಕ್ಕೆ 90 ಡೆಸಿಬೆಲ್ಲನ್ನು ಮೀರಬಲ್ಲದು. ಹಗಲು ಹೊತ್ತು ಜಗಲಿಯಲ್ಲಿ ನುಡಿಸಲು ಇದು ಸಾಕು. ಮಲಗಿದ ಕೂಸಿಗೆ ಸಲ್ಲದು.

ಇರುಳಿಗೆ ಎರಡನೆಯ ದಾರಿಯೇ ಸರಿ. ಸ್ಪೀಕರನ್ನು ಪೂರ್ತಿ ಬಿಟ್ಟು, ಪೆಟ್ಟಿಗೆಯ 'ಲೈನ್' ರಂಧ್ರದಿಂದ ಮಿಕ್ಸರಿಗೆ, ಮಿಕ್ಸರಿನಿಂದ ಹೆಡ್‌ಫೋನಿಗೆ ತಂತಿ ಎಳೆಯಬೇಕು. 8 ಓಮಿನ ಸ್ಪೀಕರಿಗೆ 50 ವ್ಯಾಟ್ ಹರಿಯುವಾಗ ವೋಲ್ಟೇಜು 20ರಷ್ಟಿರುವುದು. ಅದನ್ನು ನೇರವಾಗಿ ಮಿಕ್ಸರಿಗೆ ಕೊಟ್ಟರೆ ಮಿಕ್ಸರು ಕೆಟ್ಟೀತು. ಪೆಟ್ಟಿಗೆ ಅದನ್ನು ಸುಮಾರು ಒಂದು ವೋಲ್ಟಿಗೆ ಇಳಿಸಿಕೊಡುವುದು. ಗಿಟಾರ್ ಸ್ಪೀಕರಿನ ಕಾಗದದ ಕೋನು ತಾರಸ್ವರದ ಕೀರಲನ್ನು ಸೋಸಿಬಿಡುತ್ತದೆ. ಹೆಡ್‌ಫೋನಿನಲ್ಲಿ ಆ ಸೋಸುವಿಕೆಯಿಲ್ಲದುದರಿಂದ, ಸ್ಪೀಕರನ್ನು ಅನುಕರಿಸುವ ಏರ್ಪಾಡು ಪೆಟ್ಟಿಗೆಯಲ್ಲೋ ಗಣಕಯಂತ್ರದಲ್ಲೋ ಇರಬೇಕು.

ಜೋಡಿಸುವಾಗ ಎಚ್ಚರಿಕೆಗಳೂ ಉಂಟು. ಯಂತ್ರವನ್ನು ಆರಿಸಿದ ಮೇಲೆಯೇ ತಂತಿಗೆ ಕೈಹಾಕಬೇಕು. 8 ಓಮಿನ ಯಂತ್ರಕ್ಕೆ 8 ಓಮಿನ ಪೆಟ್ಟಿಗೆಯೇ ಆಗಬೇಕು. ಮಿತಿಮೀರಿ ದುಡಿಯುವ 50 ವ್ಯಾಟಿನ ಯಂತ್ರ ಅದಕ್ಕಿಂತ ಹೆಚ್ಚನ್ನೇ ಹೊರಹಾಕಬಲ್ಲುದರಿಂದ, 100 ವ್ಯಾಟನ್ನು ತಾಳುವ ಪೆಟ್ಟಿಗೆ ಕ್ಷೇಮ. ಅಲ್ಲಿಗೆ ಸ್ಪೀಕರಿನ ದಪ್ಪ ತಂತಿಯೇ ಬೇಕು. ಗಿಟಾರಿನ ತೆಳು ತಂತಿ ಸಲ್ಲದು. ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಲಾಗದು.

ಅಂದು ರಾತ್ರಿ ಮೊಮ್ಮಗ ಹೆಡ್‌ಫೋನನ್ನು ಅಜ್ಜನ ಕಿವಿಗಿಟ್ಟು ತಂತಿಯನ್ನು ಮೀಟಿದನು. ಅಜ್ಜನ ಹುಬ್ಬು ಮೇಲೇರಿತು. ಬೆರಳುಗಳು ತಾವಾಗಿಯೇ ಮಂಚದ ಅಂಚಿನ ಮೇಲೆ ತಾಳ ಹಾಕತೊಡಗಿದವು. ಕೂಸು ಮಗ್ಗುಲು ಬದಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟು, ಸರಕ್ಕನೆ ಹಿಂದೆಗೆದುಕೊಂಡು ನಕ್ಕರು.

"ಚೆಂಡೆಗೂ ಹೀಗೊಂದು ಪೆಟ್ಟಿಗೆ ಇದ್ದಿದ್ದರೆ ನಿನ್ನ ಅಜ್ಜಿ ನನ್ನನ್ನು ಅಷ್ಟು ಬೈಯುತ್ತಿರಲಿಲ್ಲ, ಮಗಾ!"