ಕೈಗಡಿಯಾರ ಹೇಳುವ ಭವಿಷ್ಯ

ದಿನಾ ಬೆಳಿಗ್ಗೆ ಆರೂವರೆಗೆ ನಮ್ಮ ಮನೆಯ ವಾಟ್ಸ್ಯಾಪ್ ಗುಂಪಿಗೆ ಹೈದರಾಬಾದಿನಿಂದ ತಮ್ಮನ ಸ್ಮಾರ್ಟ್‌ವಾಚಿನ ಸ್ಕ್ರೀನ್‌ಶಾಟ್ ಬರುತ್ತದೆ. ‘ಇವತ್ತ 24 ಅದ.’ ಮರುದಿನ, ‘31, ಅಡ್ಡಿಯಿಲ್ಲ.’ ಅದು ಎಚ್‌ಆರ್‌ವಿ, ಅಂದರೆ ಎರಡು ಎದೆಬಡಿತಗಳ ನಡುವಿನ ಅಂತರ ಎಷ್ಟು ಹೆಚ್ಚುಕಮ್ಮಿ ಆಗುತ್ತದೆ ಎಂಬ ಲೆಕ್ಕ. ಧಾರವಾಡದಲ್ಲಿ ನಮ್ಮಪ್ಪ ಐವತ್ತೆಂಟನೇ ವಯಸ್ಸಿನಲ್ಲಿ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ತಮ್ಮನಿಗೀಗ ನಲವತ್ತೊಂಬತ್ತು. ಆ ಅಂಕಿಯ ಹಿಂದಿನ ಭಯ ನನಗೂ ಇದೆ, ಹಾಗಾಗಿ ನಗಲಾರೆ. ಆದರೆ ‘ನಾನೂ ಅಪ್ಪನ ಹಾಗೆ ಹೋಗ್ತೀನಾ?’ ಎಂಬ ಅವನ ಪ್ರಶ್ನೆಗೆ ಆ ಅಂಕಿಯ ಬಳಿ ಉತ್ತರವಿಲ್ಲ.

ಅಂಕಿ ಸುಳ್ಳಲ್ಲ. ಆರೋಗ್ಯವಂತ ಹೃದಯ ಗೋಡೆ ಗಡಿಯಾರದಂತೆ ಬಡಿಯುವುದಿಲ್ಲ. ನಿಮಿಷಕ್ಕೆ 60 ಬಡಿತವಿದ್ದರೂ ಅಂತರ ಒಮ್ಮೆ 960 ಮಿಲಿಸೆಕೆಂಡ್, ಇನ್ನೊಮ್ಮೆ 1040. ಉಸಿರೆಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ. ವೇಗಸ್ ನರ ಲಗಾಮು ಹಿಡಿದಿದೆ ಎಂಬುದಕ್ಕೆ ಇದು ಗುರುತು. ಒತ್ತಡದ ನರಗಳ ಕೈ ಮೇಲಾದರೆ ಈ ಏರಿಳಿತ ಕುಗ್ಗುತ್ತದೆ. ಹೃದಯಾಘಾತದ ಕಲೆ ಉಳಿದಿರುವ ಹೃದಯದಲ್ಲಿ ಇದು ಅಪಾಯಕಾರಿ. ಕೆಳಗಿನ ಕೋಣೆಗಳು, ಅಂದರೆ ಹೃತ್ಕುಕ್ಷಿಗಳು, ಲಯ ತಪ್ಪಿ ಬರೀ ನಡುಗತೊಡಗಿದರೆ ರಕ್ತ ಹೊರಡುವುದೇ ನಿಂತು, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ.

1987ರಲ್ಲಿ ರಾಬರ್ಟ್ ಕ್ಲೈಗರ್ ಮತ್ತು ಸಂಗಡಿಗರು ಹೃದಯಾಘಾತದಿಂದ ಬದುಕುಳಿದ 808 ಜನರ ಲೆಕ್ಕ ಪ್ರಕಟಿಸಿದರು. ಇಡೀ ದಿನದ ಇಸಿಜಿಯಲ್ಲಿ ಏರಿಳಿತ 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ, 100ಕ್ಕಿಂತ ಹೆಚ್ಚಿದ್ದವರಿಗೆ ಹೋಲಿಸಿದರೆ, ಐದು ಪಟ್ಟಿಗೂ ಮೀರಿತ್ತು.

ಹಾಗಾದರೆ ಅಂಕಿ ಕಡಿಮೆ ಇದ್ದವರ ಎದೆಯಲ್ಲಿ ಶಾಕ್ ಕೊಟ್ಟು ಲಯ ಸರಿಪಡಿಸುವ ಐಸಿಡಿ ಯಂತ್ರ ಕೂರಿಸಿದರೆ ಆಯಿತಲ್ಲ? 2004ರಲ್ಲಿ ಪ್ರಕಟವಾದ ಡೈನಮಿಟ್ ಪ್ರಯೋಗ ಹೆಚ್ಚುಕಡಿಮೆ ಇದನ್ನೇ ಪರೀಕ್ಷಿಸಿತು. ಆಗಷ್ಟೇ ಹೃದಯಾಘಾತವಾಗಿ ಪಂಪಿಂಗ್ ಕುಸಿದ, ಏರಿಳಿತ ಕುಗ್ಗಿದ ಅಥವಾ ಬಡಿತದ ವೇಗ ಏರಿದ 674 ಜನ ಅದರಲ್ಲಿದ್ದರು. ಲಯ ತಪ್ಪಿ ಸತ್ತವರು ಐಸಿಡಿ ಇಲ್ಲದ ಗುಂಪಿನಲ್ಲಿ 29, ಇದ್ದ ಗುಂಪಿನಲ್ಲಿ 12. ಯಂತ್ರ ತನ್ನ ಕೆಲಸ ಮಾಡಿತ್ತು. ಆದರೆ ಬೇರೆ ಕಾರಣದ ಸಾವು 29ರ ಬದಲು 50. ಒಟ್ಟು ಸಾವು 58 ಮತ್ತು 62, ಅಂದರೆ ಉಳಿತಾಯ ಏನೂ ಇಲ್ಲ. ಕುಗ್ಗಿದ ಏರಿಳಿತ ‘ಈ ದೇಹ ಬಳಲಿದೆ’ ಎನ್ನುತ್ತದೆ. ‘ಇವನು ಹೀಗೇ ಸಾಯುತ್ತಾನೆ’ ಎನ್ನುವುದಿಲ್ಲ. ಇವತ್ತಿಗೂ ಐಸಿಡಿ ಯಾರಿಗೆ ಎಂಬುದನ್ನು ವೈದ್ಯರು ಮುಖ್ಯವಾಗಿ ಎಕೋದಲ್ಲಿ ಕಾಣುವ ಪಂಪಿಂಗ್ ಶಕ್ತಿ ನೋಡಿ ನಿರ್ಧರಿಸುತ್ತಾರೆ, ಎಚ್‌ಆರ್‌ವಿ ನೋಡಿ ಅಲ್ಲ.

ಅದೂ ರೋಗಿಗಳ ಇಸಿಜಿಯ ಮಾತು. ತಮ್ಮನ ವಾಚು ಮಣಿಕಟ್ಟಿನ ಮೇಲೆ ಬೆಳಕು ಚೆಲ್ಲಿ ನಾಡಿ ಅಳೆಯುತ್ತದೆ. ನಿದ್ದೆಗೆಟ್ಟರೆ, ಜ್ವರ ಬಂದರೆ, ರಾತ್ರಿ ಎರಡು ಪೆಗ್ ಹಾಕಿದರೆ ಅಂಕಿ ಇಳಿಯುತ್ತದೆ. ವಯಸ್ಸಾದಂತೆ ಎಲ್ಲರಿಗೂ ಇಳಿಯುತ್ತದೆ. ವಿಚಿತ್ರವೆಂದರೆ, ಮೇಲಿನ ಕೋಣೆಗಳ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಕಾಯಿಲೆಯಲ್ಲಿ ಅಂಕಿ ಏರಿಬಿಡಬಹುದು.

‘ಎಚ್ಚರ ಇದ್ದರೆ ನಷ್ಟವೇನು?’ ಎನ್ನುವವರಿದ್ದಾರೆ. ನಷ್ಟ ನಮ್ಮ ಮನೆಯಲ್ಲೇ ಕಂಡಿತು. ಯುಗಾದಿಗೆ ಪುಣೆಗೆ ಬಂದಿದ್ದ ತಮ್ಮ, ‘ಅಕ್ಕಾ, 42 ಬಂದದ, ಆರಾಮ ಅದೀನಿ’ ಅಂದ. ಅಂಕಿ ಚೆನ್ನಾಗಿದೆಯೆಂದು ಬಿಪಿ ಮಾತ್ರೆಯನ್ನು ತಾನೇ ನಿಲ್ಲಿಸಿದ್ದ! ಅಪ್ಪ ಹಾಗೆ ಹೋದ ಮೇಲೂ ಒಮ್ಮೆಯೂ ಎಕೋ ಮಾಡಿಸಿರಲಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದಾಗ, 2025ರಲ್ಲಿ ಹಾಸನದ ಸಾವುಗಳು ಸುದ್ದಿಯಾದಾಗ, ಜನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಆ ಭಯವನ್ನು ಹೀಗಳೆಯಬಾರದು, ಸರಿಯಾದ ಕಡೆ ತಿರುಗಿಸಬೇಕು. ಮನೆಯಲ್ಲಿ ಯಾರಾದರೂ ಹಠಾತ್ತಾಗಿ ಹೋಗಿದ್ದರೆ ಹೃದ್ರೋಗ ತಜ್ಞರಿಗೆ ಹೇಳಿ, ಇಸಿಜಿ, ಎಕೋ ಬಗ್ಗೆ ಕೇಳಿ. ಬಿಪಿ, ಶುಗರ್ ಹತೋಟಿಯಲ್ಲಿಡಿ, ಸಿಗರೇಟು ಬಿಡಿ. ಜೊತೆಗೆ ಸಿಪಿಆರ್ ಕಲಿಯಿರಿ. ಕುಸಿದವರು ಎಚ್ಚರವಿಲ್ಲದೆ, ಸರಿಯಾಗಿ ಉಸಿರಾಡದೆ ಇದ್ದರೆ 112ಕ್ಕೆ ಕರೆ ಮಾಡಿ, ಎದೆಯ ಮಧ್ಯೆ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ಲಿಫ್ಟಿಗೆ, ಜಿಮ್ಮಿಗೆ ಲಕ್ಷಗಟ್ಟಲೆ ಸುರಿಯುವ ನಮ್ಮ ಸೊಸೈಟಿಗಳು ಶಾಕ್ ಕೊಡುವ ಒಂದು ಎಇಡಿ ಯಂತ್ರ ತಂದಿಡಬಾರದೇಕೆ?

ಅಪ್ಪನ ಪಕ್ಕದಲ್ಲಿ ಅವ್ವ ಮಲಗಿದ್ದಳು. ಅವಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ‘ಸ್ಕ್ರೀನ್‌ಶಾಟ್ ಸಾಕು, ಮಾತ್ರೆ ನುಂಗಿದ ಸುದ್ದಿ ಕಳಸು’ ಎಂದು ತಮ್ಮನಿಗೆ ಹೇಳಿದ್ದೇನೆ. ಇವತ್ತು ಬೆಳಿಗ್ಗೆ ಅಂಕಿ ಬರಲಿಲ್ಲ. ‘ಅಕ್ಕಾ, ಶನಿವಾರ ಎಕೋ’ ಎಂದಷ್ಟೇ ಬಂತು.