ಬೆಟ್ಟದ ಓಟಕ್ಕೆ ಬೇಕಾದ ಸಿದ್ಧತೆ ಯಾವುದು?

ಓಟದ ಪಂದ್ಯವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಸಮತಟ್ಟಾದ ಮೈದಾನ, ಸುಣ್ಣದ ಗೆರೆ ಮತ್ತು ಗಡಿಯಾರ. ಇವುಗಳಿಂದ ಮಾತ್ರ ಅಳೆಯಲಾಗದ ಓಟವೊಂದುಂಟು. ಅದು ಬೆಟ್ಟದ ಓಟ. 1985ರಲ್ಲಿ ಇಟಲಿಯಲ್ಲಿ ಮೊದಲ ಬಾರಿಗೆ ಜಾಗತಿಕ ಸ್ಪರ್ಧೆಯಾಗಿ ನಡೆದ ಈ ಓಟವು ಈಗ ಕಾಡುದಾರಿಯ ಓಟದೊಡನೆ ಕೂಡಿ ಒಂದೇ ವಿಶ್ವ ಚಾಂಪಿಯನ್‌ಷಿಪ್ ಆಗಿದೆ. 2022ರಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿಯೂ, 2023ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್ ಪ್ರಾಂತದಲ್ಲಿಯೂ, 2025ರಲ್ಲಿ ಸ್ಪೇನಿನ ಕಾನ್‌ಫ್ರಾಂಕ್‌ನಲ್ಲಿಯೂ ಅದು ಜರುಗಿತು. ಇಂಥ ಕೂಟಕ್ಕೆ ನಮ್ಮ ದೇಶದ ತಂಡವು ಹೇಗೆ ಅಣಿಯಾಗಬೇಕೆಂಬುದು ಕ್ರೀಡಾಧಿಕಾರಿಗಳು ಮಾತ್ರ ಯೋಚಿಸಬೇಕಾದ ವಿಷಯವಲ್ಲ. ಅದರಲ್ಲಿ ಭೌತವಿಜ್ಞಾನಕ್ಕೂ ಒಂದು ಮಾತುಂಟು.

ಹಿಮಾಲಯದವರನ್ನು ಆರಿಸಿ, ಹಿಮಾಲಯದಲ್ಲಿಯೇ ಶಿಬಿರವನ್ನು ಹೂಡಿದರೆ ಸಾಕು ಎಂಬ ಉತ್ತರವನ್ನು ಅನೇಕರು ಕೂಡಲೆ ಕೊಟ್ಟುಬಿಡುತ್ತಾರೆ. ಈ ಉತ್ತರದಲ್ಲಿ ಸತ್ಯಾಂಶವಿಲ್ಲದಿಲ್ಲ. 2,000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಕೆಲವು ವಾರ ತಂಗಿದರೆ ರಕ್ತದಲ್ಲಿ ಕೆಂಪುಕಣಗಳು ಹೆಚ್ಚುತ್ತವೆ. ಆಮ್ಲಜನಕವನ್ನು ಹೊರುವ ಸಾಮರ್ಥ್ಯ ವೃದ್ಧಿಯಾಗುತ್ತದೆ. ಆದರೆ ಇನ್ಸ್‌ಬ್ರುಕ್ ನಗರವು ಸಮುದ್ರಮಟ್ಟದಿಂದ ಕೇವಲ 574 ಮೀಟರು ಎತ್ತರದಲ್ಲಿದೆ. ನಮ್ಮ ಕಡೂರು ಪಟ್ಟಣವಾದರೋ ಸುಮಾರು 760 ಮೀಟರು ಎತ್ತರದಲ್ಲಿದೆ! ಆಲ್ಪ್ಸ್ ಪರ್ವತಗಳ ನಡುವಣ ಆ ನಗರಕ್ಕಿಂತ ನಮ್ಮ ಬಯಲುಸೀಮೆಯೇ ಎತ್ತರ. ಅಲ್ಲಿನ ಓಟದ ದಾರಿಗಳು ಕಣಿವೆಯಿಂದ ಬಹಳ ಮೇಲಕ್ಕೇರುತ್ತವೆಂಬುದು ನಿಜ. ಆದರೂ ಓಟಗಾರನನ್ನು ಮುಖ್ಯವಾಗಿ ಪರೀಕ್ಷಿಸುವುದು ಅಲ್ಲಿಯ ತೆಳುವಾದ ಗಾಳಿಯಲ್ಲ, ದಾರಿಯ ಇಳಿಜಾರು.

ಇದನ್ನು ಲೆಕ್ಕದಿಂದಲೇ ನೋಡೋಣ. 60 ಕಿಲೋಗ್ರಾಂ ತೂಕದ ಓಟಗಾರನು 1,000 ಮೀಟರು ಮೇಲಕ್ಕೇರಿದನೆನ್ನಿ. ಗುರುತ್ವಾಕರ್ಷಣಕ್ಕೆ ಎದುರಾಗಿ ಅವನು ಮಾಡಿದ ಕೆಲಸ 60 × 9.8 × 1,000, ಅಂದರೆ 5,88,000 ಜೂಲ್. ನಮ್ಮ ಸ್ನಾಯುಗಳು ತಾವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಇಂಥ ಕೆಲಸವನ್ನಾಗಿ ಪರಿವರ್ತಿಸಬಲ್ಲವು. ಆದುದರಿಂದ ಆತನ ಒಟ್ಟು ವೆಚ್ಚ ಇದರ ನಾಲ್ಕರಷ್ಟು. ಅದರಲ್ಲಿ ಮುಕ್ಕಾಲುಪಾಲು, ಸುಮಾರು ಹದಿನೇಳೂವರೆ ಲಕ್ಷ ಜೂಲ್, ಉಷ್ಣವಾಗಿ ದೇಹದಲ್ಲಿಯೇ ಹುಟ್ಟುತ್ತದೆ. ಈ ಉಷ್ಣವೆಲ್ಲವೂ ಬೆವರು ಆರುವುದರಿಂದಲೇ ಹೊರಹೋಗಬೇಕಾದರೆ ಮುಕ್ಕಾಲು ಲೀಟರಿನಷ್ಟು ಬೆವರು ಆವಿಯಾಗಬೇಕಾಗುವುದು. ಹೀಗಿರುವಲ್ಲಿ ಹತ್ತು ಕಿಲೋಮೀಟರನ್ನು ಮೈದಾನದಲ್ಲಿ ಎಷ್ಟು ನಿಮಿಷಗಳಲ್ಲಿ ಓಡಿದನೆಂಬುದನ್ನು ಮಾತ್ರ ನೋಡಿ ಬೆಟ್ಟದ ತಂಡಕ್ಕೆ ಆರಿಸುವುದು ಸರಿಯಾದೀತೆ? ಗಂಟೆಗೆ ಎಷ್ಟು ಮೀಟರು ಮೇಲಕ್ಕೇರಬಲ್ಲನೆಂಬುದೇ ಇಲ್ಲಿ ಮೊದಲ ಅಳತೆಯಾಗಬೇಕು. ಸ್ವಿಟ್ಸರ್‌ಲೆಂಡಿನ ಫುಲಿ ಎಂಬಲ್ಲಿನ ಕಡಿದಾದ ದಾರಿಯಲ್ಲಿ 1,000 ಮೀಟರನ್ನು ಅರ್ಧ ಗಂಟೆಗೂ ಕಡಮೆ ಕಾಲದಲ್ಲಿ ಏರಿದವರಿದ್ದಾರೆ.

ಏರಿದ್ದಾಯಿತು, ಇನ್ನು ಇಳಿಯಬೇಡವೆ? ಹತ್ತುವುದು ಮಾತ್ರವೇ ಆಗಿರುವ ಸ್ಪರ್ಧೆಗಳೂ ಉಂಟು. ಉಳಿದವುಗಳಲ್ಲಿ ಇಳಿತವೂ ಓಟದ ಭಾಗವೇ. ನಮ್ಮ ಸಿದ್ಧತೆ ಎಡವುವ ಭಯವಿರುವುದು ಇಲ್ಲಿಯೇ. ಇಟಲಿಯ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ನೂರಕ್ಕೆ ಇಪ್ಪತ್ತರಷ್ಟು ಇಳಿಜಾರಿನಲ್ಲಿ ಕೆಳಕ್ಕೆ ಓಡುವಾಗ ವ್ಯಯವಾಗುವ ಶಕ್ತಿ ಸಮತಲದಲ್ಲಿ ಓಡುವಾಗಿನ ಅರ್ಧದಷ್ಟೇ. ಉಸಿರು ಕಟ್ಟುವುದಿಲ್ಲ, ಆಯಾಸವೂ ತೋರುವುದಿಲ್ಲ. ಆದರೆ ಏರುವಾಗ ಗಳಿಸಿದ ಆ 5,88,000 ಜೂಲ್ ಪ್ರಚ್ಛನ್ನ ಶಕ್ತಿಯನ್ನು ಇಳಿಯುವಾಗ ಬಹುಮಟ್ಟಿಗೆ ಕಾಲುಗಳೇ ತಡೆದು ಕರಗಿಸಬೇಕು. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿಯಬೇಕಾದುದರಿಂದ ಅದರ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟು ಬೀಳುತ್ತದೆ. ನೋವು ಕಾಣಿಸಿಕೊಳ್ಳುವುದು ಮರುದಿನ ಅಥವಾ ಮೂರನೆಯ ದಿನ. ಹೀಗೆ ಉಸಿರು ಎಚ್ಚರಿಸದೆಯೇ ಕಾಲು ಕೆಡುವುದು. ಸಂತೋಷದ ಸಂಗತಿಯೆಂದರೆ, ಮಿತವಾಗಿ ಇಳಿದು ಒಮ್ಮೆ ಪಳಗಿದ ಸ್ನಾಯು ಮುಂದಿನ ಕೆಲವು ವಾರಗಳವರೆಗೆ ಅಂಥ ಪೆಟ್ಟನ್ನು ತಾಳಿಕೊಳ್ಳುತ್ತದೆ. ಆದಕಾರಣ ಇಳಿಯುವ ಅಭ್ಯಾಸವನ್ನು ಸ್ಪರ್ಧೆಗೆ ಬಹಳ ಮುಂಚೆ ಕೊಂಚಕೊಂಚವಾಗಿ ಆರಂಭಿಸಬೇಕು. ಕೊನೆಯ ವಾರದಲ್ಲಿ ಅವಸರದಿಂದ ಮಾಡುವುದು ಅಪಾಯಕರ.

ಮೂರನೆಯದಾಗಿ ಹವೆಯ ವಿಷಯ. ಸಾವಿರ ಮೀಟರು ಮೇಲೇರಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಬೆವರಿನಿಂದ ತೊಯ್ದ ಬಟ್ಟೆಗೆ ಗಾಳಿ ತಗುಲಿದರೆ ಕೆಲವು ನಿಮಿಷಗಳ ಹಿಂದೆ ಬೇಡವಾಗಿದ್ದ ಉಷ್ಣವೇ ಪ್ರಾಣಾಧಾರವಾಗುತ್ತದೆ. 2021ರ ಮೇ 22ರಂದು ಚೀನದ ಗಾನ್ಸು ಪ್ರಾಂತದಲ್ಲಿ ನಡೆದ ಬೆಟ್ಟದ ಓಟದಲ್ಲಿ ಆಲಿಕಲ್ಲು, ಮಳೆ, ಬಿರುಗಾಳಿಗಳಿಗೆ ಸಿಲುಕಿ 21 ಮಂದಿ ಮಡಿದರು. ಅವರಲ್ಲಿ ನುರಿತ ಓಟಗಾರರೂ ಇದ್ದರು. ಹವೆಯನ್ನು ಅರಿಯುವುದೂ, ಬೆಚ್ಚನೆಯ ಉಡುಪನ್ನು ಒಯ್ಯುವುದೂ, ಬೇಕಾದಲ್ಲಿ ಹಿಂದಿರುಗುವ ಧೈರ್ಯವೂ ಶಿಕ್ಷಣದ ಅಂಗವಾಗದೆ ತಂಡವನ್ನು ಕಳುಹಿಸಬಾರದೆಂದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಅಭ್ಯಾಸಕ್ಕೆ ಸ್ಥಳವೆಲ್ಲಿ? ನಮ್ಮ ಜಿಲ್ಲೆಯಲ್ಲಿಯೇ ಇದೆ. ಚಿಕ್ಕಮಗಳೂರು ಪಟ್ಟಣ ಸುಮಾರು 1,090 ಮೀಟರು. ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 1,930 ಮೀಟರು. ಎರಡರ ನಡುವೆ 840 ಮೀಟರಿನ ಏರು. ಸಖರಾಯಪಟ್ಟಣದ ಬಳಿ ಅಯ್ಯನಕೆರೆಯ ಪಕ್ಕದಲ್ಲಿಯೇ ಶಕುನಗಿರಿ ನಿಂತಿದೆ. ಹುಲ್ಲುಗಾವಲನ್ನೂ ಶೋಲಾ ಕಾಡನ್ನೂ ತುಳಿದು ಹಾಳುಮಾಡದೆ, ಇರುವ ದಾರಿಗಳಲ್ಲಿಯೇ ಏರಿಳಿತದ ಪರೀಕ್ಷೆಗಳನ್ನು ನಡೆಸಬಹುದು.

ಬೆಟ್ಟವೇ ಇಲ್ಲದ ಬಯಲಿನವರ ಪಾಡೇನೆಂದು ಕಡೂರು ಸೀಮೆಯ ಚೌಳಹಿರಿಯೂರಿನ ವಿದ್ಯಾರ್ಥಿಯೊಬ್ಬನು ಕೇಳಬಹುದು. ಆ ಕಡೆಯ ತೋಟಗಳಲ್ಲಿ ಕಾಯಿ ಕೀಳುವವನೊಬ್ಬನು ಹದಿನೈದು ಮೀಟರಿನ ನಲವತ್ತು ತೆಂಗಿನ ಮರಗಳನ್ನು ಹತ್ತಿ ಇಳಿದನೆಂದರೆ, 600 ಮೀಟರು ಏರಿ ಅಷ್ಟನ್ನೇ ಇಳಿದಂತಾಯಿತು. ಗುರುತ್ವಾಕರ್ಷಣವು ಬೆಟ್ಟವನ್ನೂ ಮರವನ್ನೂ ಶಾಲೆಯ ಮೆಟ್ಟಿಲನ್ನೂ ಒಂದೇ ಬಗೆಯಾಗಿ ಎಣಿಸುತ್ತದೆ. ಆರೋಗ್ಯವಂತರಾದ ವಿದ್ಯಾರ್ಥಿಗಳು ಮೆಟ್ಟಿಲುಸಾಲಿನ ಎತ್ತರವನ್ನೂ ತಮ್ಮ ತೂಕವನ್ನೂ ಏರಲು ಹಿಡಿದ ಸೆಕೆಂಡುಗಳನ್ನೂ ಅಳೆದು, ಮೊದಲೆರಡರ ಗುಣಲಬ್ಧವನ್ನು 9.8ರಿಂದ ಗುಣಿಸಿ ಸೆಕೆಂಡುಗಳಿಂದ ಭಾಗಿಸಲಿ. ಬರುವ ಉತ್ತರವೇ ಅವರ ಸಾಮರ್ಥ್ಯ, ವಾಟ್‌ಗಳಲ್ಲಿ. ಪ್ರತಿಯೊಂದು ಪ್ರೌಢಶಾಲೆಯೂ ಇಂಥ ಅಳತೆಯ ಪುಸ್ತಕವೊಂದನ್ನು ಇಟ್ಟುಕೊಂಡರೆ, ದೇಶದ ತಂಡವನ್ನು ಆರಿಸುವವರು ಹಿಮಾಲಯದ ಕಡೆಗೆ ಮಾತ್ರವೇ ನೋಡಬೇಕಾಗಿ ಬಾರದು. ಬಯಲಿನ ಹಳ್ಳಿಗಳಲ್ಲಿ ಹುದುಗಿರುವ ಓಟಗಾರರೂ ಬೆಳಕಿಗೆ ಬಂದಾರು.